ನೆಟ್ಟಗೆ ಮನೆಗೆ ಹೋಗದವರು

೧

ಎಲ್ಲಿಂದ ಆರಂಭಿಸಲಿ? ಎಡ್ಮಂಡ್ ಅವರ ಶವಸಂಸ್ಕಾರದಿಂದ ಎನ್ನುತ್ತದೆ ನನ್ನ ಕೈ. ಈಚೆಗೆ ಅದು ಬೇರೇನನ್ನೂ ಬರೆಯಲು ಒಪ್ಪುತ್ತಿಲ್ಲ. ಆದರೆ ಓದುಗರೇ, ಸಮಾಧಿಯಿಂದ ಹೊರಟ ಕಥೆ ಎಲ್ಲಿಗೆ ಹೋಗಿ ತಲುಪುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ಚಹಾದಂಗಡಿಯಿಂದ ಆರಂಭಿಸುತ್ತೇನೆ.

೨

೨೦೦೮ರ ಅಕ್ಟೋಬರ್. ನೈರೋಬಿಯಲ್ಲಿ ಗಂಡ ಎಡ್ಮಂಡ್ ಅವರನ್ನು ಮಣ್ಣು ಮಾಡಿ, ಮಂಗಳೂರಿನ ಫ್ರೀಡಾಬಾಯಿ ಮೊಮ್ಮಗಳು ಹೇಜಲ್ ಜೊತೆ ಎಂಬಕಸಿ ಬಡಾವಣೆಯ ಮನೆಗೆ ಮರಳುತ್ತಿದ್ದರು. ದಾರಿಯ ಬದಿಯ ಒಂದು ಚಹಾದಂಗಡಿ ಕಾರಿನ ಕಿಟಕಿಯಿಂದ ಕಂಡಿತು. ಅಲ್ಲಿ ಪಕ್ಕದ ಮನೆಯ ಫಿಲಿಪ್ಪೀನ್ಸಿನ ಲಿಗಾಯಾ ಮತ್ತು ಅವಳ ನಾಡಿನ ಗೆಳತಿಯರು ಸಂಸ್ಕಾರಕ್ಕೆ ಬಂದಿದ್ದ ಅದೇ ಕಪ್ಪು ಬಟ್ಟೆಯಲ್ಲಿ ಬೆಂಚಿನ ಮೇಲೆ ಕೂತು ಮಂದಾಜಿ ತಿನ್ನುತ್ತಿದ್ದರು. ತಿನ್ನುವುದಷ್ಟೇ ಅಲ್ಲ, ನಗುತ್ತಿದ್ದರು. ಲಿಗಾಯಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

(ಮಂದಾಜಿ ಎಂದರೆ ನಮ್ಮ ಮಂಗಳೂರು ಬನ್ಸಿನ ಆಫ್ರಿಕಾದ ದಾಯಾದಿ. ದುಃಖದ ನಡುವೆ ತಿಂಡಿಯ ವಿವರ ಏಕೆ ಎಂದು ಕೇಳಬೇಡಿ. ಈ ಕಥೆಯಲ್ಲಿ ಎರಡೂ ಒಂದೇ ತಟ್ಟೆಯಲ್ಲಿವೆ.)

ಲಿಗಾಯಾ ಬರಿಯ ನೆರೆಯವಳಲ್ಲ. ವಿಮಾನಗಳಿಗೆ ಊಟ ಕಟ್ಟುವ ಅಡಿಗೆಮನೆಯಲ್ಲಿ ಅವಳಿಗೆ ಕೆಲಸ. ಆದರೆ ಪ್ರತಿ ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಅವಳು ಇರುತ್ತಿದ್ದದ್ದು ಫ್ರೀಡಾಬಾಯಿಯ ಅಡಿಗೆಮನೆಯಲ್ಲಿ. ಇವರದು ಸಾನ್ನ, ಅವಳದು ಪುತೊ. ಎರಡೂ ಅಕ್ಕಿ ಅರೆದು, ಹುಳಿ ಬರಿಸಿ, ಹಬೆಯಲ್ಲಿ ಬೇಯಿಸಿದವು. ಎರಡರ ಪಕ್ಕದಲ್ಲೂ ಹಂದಿಮಾಂಸದ ಸಾರು. ಈ ಅಡಿಗೆಯನ್ನು ಫಿಲಿಪ್ಪೀನ್ಸಿಗೆ ಹೋದ ಸ್ಪೇನಿನ ಪಾದ್ರಿಗಳು ನಮ್ಮ ಕಡೆಗೆ ಬಂದ ಪೋರ್ಚುಗೀಸ್ ಪಾದ್ರಿಗಳಿಂದ ಕದ್ದರೋ, ಪೋರ್ಚುಗೀಸರೇ ಸ್ಪೇನಿನವರಿಂದ ಕದ್ದರೋ ಎಂಬ ಜಗಳ ಇಬ್ಬರಿಗೂ ವರ್ಷಗಟ್ಟಲೆ ಸಂತೋಷ ಕೊಟ್ಟಿತ್ತು.

ಆ ಮಧ್ಯಾಹ್ನ ಫ್ರೀಡಾಬಾಯಿ ಬಾಗಿಲು ಹಾಕಿಕೊಂಡರು. ಲಿಗಾಯಾ ಎಷ್ಟೋ ಸಲ ತಟ್ಟಿದಳು, ತೆರೆಯಲಿಲ್ಲ. ಅಂದಿನಿಂದ ಕಪ್ಪು ಸೀರೆಯನ್ನೇ ಉಟ್ಟರು, ಸಾನ್ನ ಮಾಡುವುದನ್ನು ಬಿಟ್ಟರು.

"ಗ್ರಾನಿ, ಜಸ್ಟ್ ಆಸ್ಕ್ ಹರ್," ಎಂದಳು ಹೇಜಲ್.

"ಕೇಳುವುದೆಂತ? ಕಣ್ಣಾರೆ ನೋಡಿದ್ದೇನಲ್ಲ."

೩

(ಈ ಭಾಗವನ್ನು ನಾನು ಹರಿದು ಹಾಕಿದ್ದೇನೆ. ಹರಿದದ್ದು ಏಕೆಂದು ನಿಮಗೆ ತಿಳಿಯಲಿ ಎಂದು ಮತ್ತೆ ಅಂಟಿಸಿದ್ದೇನೆ.)

ಮರುವರ್ಷ ಸೆಪ್ಟೆಂಬರಿನ ಕೊನೆ. ನೈರೋಬಿಯ ನಲ್ಲಿಗಳು ಒಣಗಿದ್ದವು. ಟೀವಿಯಲ್ಲಿ ಮನಿಲಾ ನಗರ ಮುಳುಗಿತ್ತು. ಮರಿಕಿನಾ ಎಂಬ ಊರಿನ ಹೆಸರು ಕೇಳಿ ಫ್ರೀಡಾಬಾಯಿ ಜಪಮಣಿ ಕೆಳಗಿಟ್ಟರು. ಅದು ಲಿಗಾಯಾಳ ತವರು. ಆ ಪ್ರವಾಹದಲ್ಲಿ ಲಿಗಾಯಾಳ ಮುದಿತಾಯಿ...

"ಇವರೇ, ಒಂದು ನಿಮಿಷ."

ನಾನು ತಲೆಯೆತ್ತಿದೆ. ಫ್ರೀಡಾಬಾಯಿ.

"ಆ ಮುದುಕಿಯನ್ನು ಎಂತಕ್ಕೆ ಕೊಲ್ಲುವುದು?"

"ಕಥೆಗೆ ಬೇಕು. ಒಂದು ಸಾವು ನಿಮ್ಮನ್ನು ಬೇರೆ ಮಾಡಿತು, ಇನ್ನೊಂದು ಸಾವು ಒಂದು ಮಾಡುತ್ತದೆ."

"ಕಥೆಗೆ ಬೇಕಾ, ನಿಮಗೆ ಬೇಕಾ? ನಿಮ್ಮ ಹೆಂಡತಿ ಹೋದದ್ದು ನನಗೂ ಬೇಸರವೇ. ಹಾಗಂತ ಸಿಕ್ಕಿದವರನ್ನೆಲ್ಲ ಅವರ ಹಿಂದೆ ಕಳಿಸುವುದಾ? ನನ್ನ ಎಡ್ಮಂಡನನ್ನು ಕಳಿಸಿದಿರಿ, ನಾನು ಬಾಯಿ ಬಿಡಲಿಲ್ಲ. ಇನ್ನೊಬ್ಬರನ್ನು ಮುಟ್ಟಿದರೆ ನಾನು ಈ ಕಥೆಯಲ್ಲಿ ಇರುವುದಿಲ್ಲ."

"ಸಾವು ದೇವರ ಚಿತ್ತ, ಫ್ರೀಡಾಬಾಯಿ."

"ದೇವರು ಬರೆದರೆ. ಇಲ್ಲಿ ಬರೆಯುವುದು ನೀವಲ್ಲವಾ ಮಾರಾಯ್ರೆ?"

ದಿನವೂ ಪ್ರಾರ್ಥನೆ ತಪ್ಪಿಸದ ನನಗೆ ಧರ್ಮದ ವಿಷಯದಲ್ಲಿ ಇಂಥ ಸೋಲು ಎಂದೂ ಆಗಿರಲಿಲ್ಲ. ಹಾಳೆ ಹರಿದೆ. ಹರಿಯುವಾಗ, ಸುಳ್ಳೇಕೆ, ಹಗುರವೆನಿಸಿತು.

೪

ಆದ್ದರಿಂದ ಮುದುಕಿ ಬದುಕಿದ್ದಾಳೆ. ಆದರೆ ಫ್ರೀಡಾಬಾಯಿಗೆ ಅದು ತಿಳಿಯದು. ಅವರು ಕಂಡದ್ದು ಕೆಂಪು ನೀರು, ಮಾಡಿನ ಮೇಲೆ ಕೂತ ಜನ. ಒಂದು ವರ್ಷದ ಸಿಟ್ಟನ್ನು ಹೊಸ್ತಿಲಲ್ಲಿ ಬಿಟ್ಟು, ಬರಿಗೈಯಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಿದರು. (ಮುಂದಿನ ಮಾತು ನಡೆದದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತಂದವನು ನಾನು, ಫ್ರೀಡಾಬಾಯಿಯ ತಕರಾರಿಲ್ಲ.)

"ಅಮ್ಮ?"

"ಇದ್ದಾಳೆ," ಎಂದಳು ಲಿಗಾಯಾ. "ಶಾಲೆಯ ಮಹಡಿಯ ಮೇಲೆ. ಅಲ್ಲಿ ಕೊಡೋ ಗಂಜಿಗೆ ಶುಂಠಿ ಸಾಲದು ಅಂತ ಎಲ್ಲರಿಗೂ ಬೈತಾ ಇದ್ದಾಳಂತೆ."

ಫ್ರೀಡಾಬಾಯಿ ನಕ್ಕುಬಿಟ್ಟರು. ನಕ್ಕದ್ದಕ್ಕೆ ತಮ್ಮ ಮೇಲೆಯೇ ಸಿಟ್ಟು ಬಂದು ಕೇಳಿದರು: "ನನ್ನ ಗಂಡನನ್ನು ಮಣ್ಣು ಮಾಡಿದ ದಿನ ನೀನು ನಕ್ಕದ್ದು ಯಾಕೆ?"

ಲಿಗಾಯಾ ಬಾಗಿಲನ್ನು ಪೂರ್ತಿ ತೆರೆದಳು. "ಇದಕ್ಕಾ ಒಂದು ವರ್ಷ? ನಮ್ಮಲ್ಲಿ ಸಾವು ನೋಡಿ ಬಂದವರು ನೆಟ್ಟಗೆ ಮನೆಗೆ ಹೋಗಬಾರದು, ಫ್ರೀಡಾ. ಅದು ಹಿಂದೆ ನಡ್ಕೊಂಡು ಬರುತ್ತೆ. ದಾರೀಲಿ ಎಲ್ಲಾದರೂ ಕೂತು, ಏನಾದರೂ ತಿಂದು ಅದನ್ನ ಕೊಡವಿ ಬರಬೇಕು."

"ಮೂಢನಂಬಿಕೆ. ಪಾದ್ರಿಗಳು ಕೇಳಿದರೆ ಬೈತಾರೆ."

"ಪಾದ್ರಿಗಳೂ ನಮ್ಮ ಜೊತೆ ಎರಡು ಮಂದಾಜಿ ತಿಂದು ಹೋದರು. ನೀವು ನೋಡಿದ್ದು ಆಮೇಲೆ."

"ಕೂತದ್ದು ಸರಿ. ನಕ್ಕದ್ದು?"

"ನಿಮ್ಮ ಎಡ್ಮಂಡ್ ಕಥೆ ಹೇಳ್ತಾ ಇದ್ದೆ. ಪ್ರತಿ ಆದಿತ್ಯವಾರ ನೀವು ಮಲಗಿದ ಮೇಲೆ ನನ್ನ ಬಾಗಿಲಿಗೆ ಬರೋರು. ಉಳಿದ ಪುತೊ ಎಲ್ಲ ತಿಂದು, 'ನಿನ್ನದೇ ಮೆತ್ತಗೆ, ಅವಳಿಗೆ ಹೇಳಬೇಡ' ಅನ್ನೋರು."

ಫ್ರೀಡಾಬಾಯಿ ಕುರ್ಚಿ ಹುಡುಕಿ ಕೂತರು. ನಲವತ್ತು ವರ್ಷ ಅವರ ಸಾನ್ನವನ್ನು ಹೊಗಳಿದ್ದ ಮನುಷ್ಯ. ಎಡ್ಮಂಡ್ ಮೀಸೆ ಒರೆಸಿಕೊಂಡು, ಸದ್ದಾಗದಂತೆ ಒಳಗೆ ಬಂದು ಮಲಗುವುದು ಕಣ್ಣಿಗೆ ಕಟ್ಟಿತು. ಸೆರಗು ಬಾಯಿಗೆ ಒತ್ತಿಕೊಂಡರು. ನಗುವೂ ಅಳುವೂ ಒಟ್ಟಿಗೇ ಬಂದವು.

"ನೀವು ಮಾತ್ರ ನೆಟ್ಟಗೆ ಮನೆಗೆ ಹೋದಿರಿ," ಎಂದಳು ಲಿಗಾಯಾ ಮೆಲ್ಲಗೆ. "ಕೈ ಬೀಸಿ ಕರೆದೆ. ಕಾರು ನಿಲ್ಲಲಿಲ್ಲ. ಅವತ್ತಿಂದ ಆ ಸಾವು ನಿಮ್ಮ ಮನೇಲೇ ಕೂತಿದೆ. ಸತ್ತು ವರ್ಷ ತುಂಬಿದ ದಿನ ನಾವು ಕಪ್ಪು ಬಟ್ಟೆ ತೆಗೆದು ಹಬ್ಬದೂಟ ಮಾಡ್ತೀವಿ. ಬರ್ತೀರಾ?"

ಫ್ರೀಡಾಬಾಯಿ ಎದ್ದು ಸೀರೆ ಸರಿ ಮಾಡಿಕೊಂಡರು. "ನಾನು ಬರುವುದಲ್ಲ, ನೀನು ಬರುವುದು. ಅಡಿಗೆ ನನ್ನ ಮನೆಯಲ್ಲಿ. ಯಾರದು ಮೆತ್ತಗೆ ಎಂದು ಊರೇ ನೋಡಲಿ."

೫

ಅಂತ್ಯಗಳು ನನ್ನ ಬಳಿ ಹಲವು ಇವೆ.

ಒಂದರಲ್ಲಿ ಫ್ರೀಡಾಬಾಯಿ ವರ್ಷದ ಪೂಜೆಗೆ ಬಿಳಿ ಸೀರೆ ಉಟ್ಟು ಬರುತ್ತಾರೆ. (ಅವರು ಒಪ್ಪಲಿಲ್ಲ. ನವಿಲುನೀಲಿ ಉಟ್ಟರು, ಜರಿಯಂಚಿನದು. ಇಗರ್ಜಿಯ ಮೂರು ಸಾಲು ತಿರುಗಿ ನೋಡಿತು.) ಇನ್ನೊಂದರಲ್ಲಿ ಲಿಗಾಯಾಳ ಪುತೊ ಗೆಲ್ಲುತ್ತದೆ. ಮತ್ತೊಂದರಲ್ಲಿ ಸಾನ್ನ. ಯಾವುದು ನಿಜ ಎಂದು ನಾನು ಹೇಳುವುದಿಲ್ಲ. ನನಗೂ ಮುಂದೆ ಆ ಬೀದಿಯಲ್ಲಿ ಓಡಾಡಬೇಕಿದೆ.

ನಿಜವಾಗಿ ನಡೆದದ್ದು ಇಷ್ಟು: ಅಂದು ಕರೆಂಟು ಇರಲಿಲ್ಲ. ಅಂಗಳದಲ್ಲಿ ಇದ್ದಿಲೊಲೆಗಳು ಉರಿದವು. ಮಂಗಳೂರಿನವರು ಒಂದು ಕಡೆ, ಫಿಲಿಪ್ಪೀನ್ಸಿನವರು ಒಂದು ಕಡೆ ಕೂತವರು ಎರಡನೆಯ ಬಡಿಸುವಿಕೆಯ ಹೊತ್ತಿಗೆ ಕಲಸಿಹೋಗಿದ್ದರು. ಹೇಜಲ್ ಎರಡೂ ಗುಂಪಿಗೆ ಬಡಿಸಿ, ಯಾವ ತಟ್ಟೆಯಲ್ಲಿ ಯಾವುದಿದೆ ಎಂದು ಯಾರಿಗೂ ಹೇಳಲಿಲ್ಲ. ಫ್ರೀಡಾಬಾಯಿ ಲಿಗಾಯಾಳ ಹೆಗಲಿಗೆ ಹೆಗಲು ತಾಗಿಸಿ ಕೂತು, ಕದ್ದ ಪಾದ್ರಿಗಳು ಯಾರೆಂದು ಮತ್ತೆ ಜಗಳ ತೆಗೆದರು.

ನಾನು ಮೂಲೆಯಲ್ಲಿ ಕೂತು ಕೊನೆಯ ವಾಕ್ಯ ಹುಡುಕುತ್ತಿದ್ದೆ.

"ಇನ್ನೂ ಎಂತ ಬರೆಯುವುದು?" ಫ್ರೀಡಾಬಾಯಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ದರು.

"ಮುಗಿಸಬೇಕಲ್ಲ."

"ಯಾರು ಹೇಳಿದ್ದು? ಇನ್ನೊಂದು ಒಬ್ಬೆ ಸಾನ್ನ ಹಬೆಯಲ್ಲಿ ಉಂಟು. ಜರುಗಿ ಕೂತುಕೊಳ್ಳಿ, ನಿಮ್ಮ ಪಕ್ಕದಲ್ಲಿ ಇನ್ನೂ ಇಬ್ಬರು ಕೂರಬೇಕು."

ನಾನು ಜರುಗಿದೆ. ಆ ಇಬ್ಬರು ಯಾರೆಂದು ಬರೆಯುವಷ್ಟರಲ್ಲಿ ತಟ್ಟೆ ಬಂತು, ಉಳಿದದ್ದು ತಿಂದ ಮೇಲೆ...