ನನ್ನ ಮೈಮೇಲಿನ ಹೆಬ್ಬೆರಳು

ನಾನು ಒಂದು ತಾಮ್ರದ ನಾಣ್ಯ. ಟಂಕಸಾಲೆಯಲ್ಲಿ ಸುತ್ತಿಗೆ ಏಟು ತಿಂದು ಹುಟ್ಟಿದೆ. ನನ್ನ ಮೇಲೊಂದು ಆನೆ ಇದೆ. ಹೊಡೆದವನ ಅವಸರಕ್ಕೆ ಅದರ ಬಾಲ ನನ್ನ ಅಂಚಿನಾಚೆಯೇ ಉಳಿಯಿತು. ಎಷ್ಟೋ ಕೈ ತಿರುಗಿ, ಕೊನೆಗೆ ಯಾರದೋ ಸೆರಗಿನ ಗಂಟಿನಿಂದ ಜಾರಿ ಮಣ್ಣು ಸೇರಿದೆ. ನನಗೆ ಕಂದುಗಪ್ಪು ಚರ್ಮ ಬೆಳೆದದ್ದು ಅಲ್ಲೇ.

ಬಾವಿ ತೋಡುವಾಗ ಸಿಕ್ಕ ನನ್ನನ್ನು ಧಾರವಾಡದ ಡ್ರಾಯಿಂಗ್ ಮಾಸ್ತರ ಶ್ರೀಪಾದರಾಯರು ಮನೆಗೆ ತಂದರು. ಹಳೆಯ ನಾಣ್ಯವೆಂದರೆ ಅವರಿಗೆ ಪ್ರಾಣ. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ನನ್ನನ್ನು ನೆನೆಸಿ, ನೀರು ಬದಲಿಸುತ್ತ, ಮಣ್ಣು ತಾನಾಗಿ ಬಿಡುವವರೆಗೆ ಕಾದರು. ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ನೀರಾರಿಸಿದರು.

"ತಿಕ್ಕಿದರ ಇದರ ಚರ್ಮಾನ ಹೋಗತದ," ಎಂದು ಹೆಂಡತಿ ಗೋದಾಬಾಯಿಗೆ ಹೇಳಿದರು. ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಒಮ್ಮೆ ಹೋಳಿಗೆ ತಟ್ಟುತ್ತಿದ್ದ ಗೋದಾಬಾಯಿ ಎಣ್ಣೆಗೈಯಲ್ಲೇ ನನ್ನನ್ನು ಎತ್ತಿಕೊಂಡರು. "ಆನಿ ಎಷ್ಟ ಚಂದ ಅದರೀ!"

"ಅಂಚು ಹಿಡೀ ಅಂತ ಎಷ್ಟ ಸರ್ತೆ ಹೇಳಲಿ? ಹಾಳ ಮಾಡಿದಿ!" ರಾಯರು ಸಿಡಿದರು.

ಆಕೆಯ ಹೆಬ್ಬೆರಳ ಗುರುತು ಬರಬರುತ್ತ ನನ್ನ ಚರ್ಮದೊಳಗೇ ಇಳಿಯಿತು. ಕೆಟ್ಟ ನಾಣ್ಯವೆಂದು ರಾಯರು ನನ್ನನ್ನು ತಮ್ಮ ನಾಣ್ಯಗಳ ಆಲ್ಬಮ್ಮಿನಿಂದ ತೆಗೆದುಹಾಕಿದರು. ಗೋದಾಬಾಯಿ ನನ್ನನ್ನು ದೇವರ ತಟ್ಟೆಯಲ್ಲಿಟ್ಟುಕೊಂಡರು. ದೇವರ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ಬೆಳಗಿದರೂ ನನ್ನನ್ನು ಮಾತ್ರ ಪಕ್ಕಕ್ಕಿಡುತ್ತಿದ್ದರು. ಗಂಡ ನನ್ನನ್ನು ಬೇಡವೆಂದು ಬಿಟ್ಟ ಮೇಲೂ, ತಿಕ್ಕಬಾರದೆಂಬ ಗಂಡನ ಮಾತನ್ನು ಅವರು ಬಿಡಲಿಲ್ಲ.

ಒಂದು ಮುಂಜಾನೆ ಗೋದಾಬಾಯಿ ಏಳಲಿಲ್ಲ.

ಸೂತಕದಲ್ಲಿ ದೇವರ ಸಾಮಾನು ಮುಟ್ಟುವ ಹಾಗಿಲ್ಲ. ರಾಯರು ದಿನವೂ ದೇವರ ಕೋಣೆಯ ಹೊಸ್ತಿಲಾಚೆ ಕೂತು ನನ್ನನ್ನೇ ನೋಡುತ್ತಿದ್ದರು. ಕಿಸೆಯಲ್ಲಿ ಮಸೂರ ಇರುತ್ತಿತ್ತು. "ಗೋದಾ, ಸೂತಕ ಕಳೀಲಿ. ನಿನ್ನ ಬೆರಳು ನೋಡತೀನಿ," ಎಂದು ಯಾರಿಗೂ ಕೇಳದಂತೆ ಅನ್ನುತ್ತಿದ್ದರು. ನನಗೆ ಕೇಳುತ್ತಿತ್ತು.

ಶುದ್ಧಿಯ ದಿನ ಬಂತು. ರಾಯರು ಸ್ನಾನ ಮುಗಿಸಿ ಬರುವಷ್ಟರಲ್ಲಿ ತಂಗಿ ಚಂಪಾಬಾಯಿ ಪದ್ಧತಿಯಂತೆ ದೇವರ ಸಾಮಾನೆಲ್ಲ ಬೆಳಗಿಟ್ಟಿದ್ದರು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ನನಗೆ ಕೂಗಲು ಬಾಯಿ ಎಲ್ಲಿದೆ?

"ಅಣ್ಣಾ, ವೈನಿ ಇಟ್ಟ ದುಡ್ಡು ನೋಡು. ಪೂರಾ ಕರ್ರಗಾಗಿತ್ತು. ಹೊಸಾ ತಂಬಿಗಿಗತೆ ಮಾಡೀನಿ," ಎಂದರು. ಅಳುತ್ತಲೇ ತಿಕ್ಕಿದ್ದರು, ಪಾಪ.

ರಾಯರು ನನ್ನನ್ನು ಕಿಟಕಿಗೆ ಒಯ್ದು ಮಸೂರ ಹಿಡಿದರು. ಬಹಳ ಹೊತ್ತು ಹುಡುಕಿದರು. ನನ್ನ ಸಲುವಾಗಿ ಒಮ್ಮೆ ಒಬ್ಬರನ್ನು ಬೈದಿದ್ದರು; ಈ ಸಲ ಬೈಯಲಿಲ್ಲ.

"ಚಂದ ಆಗೇದ, ಚಂಪಾ," ಅಂದರು. ಆಮೇಲೆ, ಅಂಚು ಬಿಟ್ಟು ಬೇರೆಲ್ಲೂ ನನ್ನನ್ನು ಮುಟ್ಟದ ಆ ಮನುಷ್ಯ ನನ್ನನ್ನು ಮುಷ್ಟಿಯಲ್ಲಿ ಹೆಬ್ಬೆರಳೊತ್ತಿ ಅದುಮಿಕೊಂಡು ಅತ್ತರು. ಅಷ್ಟು ವರ್ಷ ಕಾಪಾಡಿದ್ದನ್ನು ಕಳೆದುಕೊಂಡೆನಲ್ಲ ಎಂದು ನನಗೂ ಸಂಕಟವಾಯಿತು.

ಈಗ ಮತ್ತೆ ಅದೇ ತಟ್ಟೆಯಲ್ಲಿದ್ದೇನೆ. ಮೈ ನಿಧಾನಕ್ಕೆ ಕಪ್ಪಾಗುತ್ತಿದೆ. ಅದರ ಜೊತೆಗೆ ಒಂದು ಹೆಬ್ಬೆರಳ ಗುರುತೂ ಮೂಡುತ್ತಿದೆ. ರಾಯರು ದಿನಾ ಮಸೂರ ಹಿಡಿದು ಆಸೆಯಿಂದ ಅದನ್ನು ನೋಡುತ್ತಾರೆ.

ಅದು ಅವರದೇ ಬೆರಳು.