ತಲೆಯ ಮೇಲಿನ ಹಿಡಿಕೆ

ಹಿಡಿಕೆಗಳು ತೂಗಾಡುತ್ತಿವೆ, ಬೋಗಿಯ ಉದ್ದಕ್ಕೂ, ರೈಲು ಊರಿಗಾಂ ಸ್ಟೇಷನ್ ಬಿಟ್ಟಾಗಿನಿಂದ ಒಂದೇ ಸಮ ಟಕಟಕ — ನೋಡಬಾರದು ಅಂತ ವನಿತಾ ಕಿಟಕಿಯ ಕಡೆ ತಿರುಗುತ್ತಾಳೆ, ಹೊರಗೆ ಗಣಿ ಉಗುಳಿದ ಮಣ್ಣಿನ ದಿಬ್ಬ, ಅದರ ಬುಡದಲ್ಲೇ ಅಲ್ಲವೇ ಹನ್ನೆರಡು ವರ್ಷದವಳಿದ್ದಾಗ ತಾನು ಓಡಿ ಬಂದು ಮೊದಲ ಚೆಂಡು ಎಸೆದದ್ದು, ಗಣಿ ಕೆಲಸಗಾರರ ಲೈನ್‌ಮನೆಗಳ ಹುಡುಗರೆಲ್ಲ ಬಾಯಿ ಬಿಟ್ಟು ನಿಂತದ್ದು, ಏನ್ ಸ್ಪೀಡ್ ಲೇ ಇವಳ್ದು! — ಹೋದ ವರ್ಷ ಬಂಗಾರಪೇಟೆಯ ಮೈದಾನದಲ್ಲಿ ಐದು ವಿಕೆಟ್, ರಾಜ್ಯದ ಕ್ಯಾಂಪಿಗೆ ಹೆಸರು, ಆಮೇಲೆ ಬಲಭುಜದಲ್ಲಿ ಆ ಹಾಳು ಚಳಕು. ಇವತ್ತು ಹತ್ತು ಗಂಟೆಗೆ ಅದೇ ಮೈದಾನದಲ್ಲಿ ಆರು ಚೆಂಡು ಎಸೆದು ತೋರಿಸಬೇಕು, ಆರೇ ಆರು, ಇದು ತಪ್ಪಿದರೆ ಹೆಸರು ತೆಗೆದುಹಾಕ್ತಾರೆ ಅಂತ ಕೋಚ್ ಕಲ್ಪನ ಮೇಡಂ ಫೋನಿನಲ್ಲಿ ಹೇಳಿದ್ದರು, ಕೈ ಹೇಗಿದೆ, ಸರಿಹೋಯ್ತು ಮೇಡಂ, ಪೂರ್ತಿ? ಪೂರ್ತಿ ಮೇಡಂ — ಥೂ, ಎಷ್ಟು ಸಲೀಸಾಗಿ ಬಂತು ಆ ಸುಳ್ಳು.

ಡಾಕ್ಟರು ಬಿಡಿಸಿ ಹೇಳಿದ್ದರು, ದಿನಾ ವ್ಯಾಯಾಮ ಮಾಡಬೇಕು, ಕಟ್ಟಿ ಇಟ್ಟರೆ ಕೀಲು ಬಿಗಿದುಹೋಗುತ್ತದೆ, ಅವಳೇ ಎರಡೂ ಕಿವಿಯಿಂದ ಕೇಳಿಸಿಕೊಂಡಿದ್ದಳು. ಆದರೆ ಮನೆಯಲ್ಲಿ ಆರುಮುಗಂ ತಾತ, ತನ್ನ ಕಾಲು ತಟ್ಟಿ ತಟ್ಟಿ ತೋರಿಸುತ್ತಾ — ಗಣಿಯೊಳಗೆ ಬಂಡೆ ಬಿದ್ದು ಮುರಿದ ಕಾಲು, ನಾಟಿ ಕಟ್ಟು ಕಟ್ಟಿಸಿ ನಲವತ್ತು ದಿನ ಮಲಗಿ ಮತ್ತೆ ಗಣಿಗೆ ಇಳಿದ ಕಾಲು, ಲೈನಿನಲ್ಲಿ ಆ ಕಾಲಿನ ಕಥೆ ಕೇಳದವರು ಯಾರಿದ್ದಾರೆ — ನಲವತ್ತು ದಿನ ಅಲ್ಲಾಡಿಸ್ಬ್ಯಾಡ ಕಣಮ್ಮ, ಆಮೇಲೆ ನೋಡು, ಕಬ್ಬಿಣ ಆಗೋಗುತ್ತೆ ಕೈ. ಅಮ್ಮನೂ ಹೂಂ ಅಂದಳು, ಮೊಟ್ಟೆ ಸೊಪ್ಪಿನ ನಾತದ ಕಟ್ಟು ಭುಜಕ್ಕೆ ಬಿತ್ತು, ಹತ್ತನೇ ದಿನವೇ ಬಿಚ್ಚಿ ಎಸೆಯಬೇಕು ಅನ್ನಿಸಿತ್ತು, ತಾತ ದಿನ ಎಣಿಸುವ ಖುಷಿ ನೋಡಿ ಸುಮ್ಮನಾದಳು, ಅಯ್ಯೋ ಯಾಕೆ ಸುಮ್ಮನಾದೆ, ನಲವತ್ತೊಂದನೇ ದಿನ ಬಿಚ್ಚಿದರೆ ನಿಜಕ್ಕೂ ಕಬ್ಬಿಣ, ಅಲ್ಲಾಡದ ಕಬ್ಬಿಣ. ತಾತನ ಮೇಲೆ ಸಿಟ್ಟು ಬರುತ್ತದೆ, ಬಂದ ಸಿಟ್ಟು ನಿಲ್ಲುವುದಿಲ್ಲ, ಬೆಳಿಗ್ಗೆ ಶೂ ಒರೆಸಿಟ್ಟವನು ಅವನೇ, ಜೈಚ್ಚಿಟ್ಟು ವಾ ಕಣ್ಣು, ಗೆದ್ಕೊಂಡ್ ಬಾ, ತಮಿಳು ಕನ್ನಡ ಎರಡರಲ್ಲೂ ಹರಸಿದ. ಅವನಿಗೂ ಹೇಳಿಲ್ಲ. ಬಚ್ಚಲಲ್ಲಿ ಎಡಗೈಯಲ್ಲೇ ತಲೆಗೆ ನೀರು ಹುಯ್ದುಕೊಳ್ಳುತ್ತಾಳೆ, ಕೂದಲನ್ನು ಎದೆಯ ಮೇಲೆ ಎಳೆದುಕೊಂಡು ಜಡೆ, ಯಾರಿಗೂ ಗೊತ್ತಿಲ್ಲ.

ಇವತ್ತು ಬಿಗಿತ ಬಿಟ್ಟರೂ ಬಿಡಬಹುದು, ಬಿಸಿಲಿಗೆ ಸಡಿಲ ಆದರೂ ಆಗಬಹುದು, ಆರೇ ಚೆಂಡು ತಾನೇ, ಹಲ್ಲು ಕಚ್ಚಿ ಎಸೆದುಬಿಟ್ಟರೆ — ಬಂಗಾರಪೇಟೆ ಬಂತು, ಎಲ್ಲರೂ ಎದ್ದರು, ಅವಳೂ ಎದ್ದಳು, ಎಡಗೈಯಲ್ಲಿ ಕಿಟ್ಟಿನ ಚೀಲ, ಗಾಡಿ ಎಳೆದು ಜಗ್ಗಿತು, ಸೊಪ್ಪಿನ ಗಂಟು ಹೊತ್ತ ಹೆಂಗಸು ಕೂಗುತ್ತಾಳೆ, ಇಡ್ಕೊಳ್ಳಮ್ಮಿ, ಬಿದ್ದೋಗ್ತೀಯ! — ಬಲಗೈ ತಾನಾಗಿಯೇ ಮೇಲೆ ಹೊರಟಿತು, ಸೊಂಟ, ಎದೆ, ಭುಜ, ಇನ್ನೂ ಸ್ವಲ್ಪ, ಇನ್ನೊಂದು ಗೇಣು, ಏಳು, ಏಳೇ ತಾಯಿ — ಭುಜದ ಮಟ್ಟಕ್ಕೇ ನಿಂತುಬಿಟ್ಟಿತು, ಬೆರಳುಗಳು ಗಾಳಿಯನ್ನು ಹಿಡಿದಿವೆ, ಮೇಲೆ ಒಂದು ಗೇಣಿನಾಚೆ ಹಿಡಿಕೆ, ತೂಗಾಡುತ್ತಿದೆ, ಟಕಟಕ, ತೂಗಾಡುತ್ತಿದೆ.