ವಲ್ಲಿಯ ಕೆಳಗಿನ ಬೆರಳು

ದೇವವ್ವ ಹಳೆಯ ಸೀರೆಯ ಅಂಚನ್ನು ಹಲ್ಲಿನಿಂದ ಸೀಳಿ ಹೆಬ್ಬೆರಳಿಗೆ ಸುತ್ತಿಕೊಂಡಳು. ಶೇಂಗಾ ಸುಲಿದು ಸುಲಿದು ಉಗುರು ಬುಡದವರೆಗೆ ಬಿರಿದಿತ್ತು. ಅವಳ ಅವ್ವನ ತಂಗಿ, ಚಿಗವ್ವ ಕರೆವ್ವ ಗಂಟು ಬಿಗಿದಳು.

ಲಕ್ಷ್ಮೇಶ್ವರದ ಸಾಹುಕಾರ ವಿರೂಪಾಕ್ಷಪ್ಪನ ಹಿತ್ತಲಲ್ಲಿ ವಾರದ ಕೂಲಿ ನಿಗದಿಯಾಗುವುದು ಸೋಮವಾರ. ದಲಾಲರು ಎತ್ತಿನ ವ್ಯಾಪಾರ ಮಾಡುವಂತೆ ಅವನು ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿಕೊಂಡು ಒಬ್ಬೊಬ್ಬಳನ್ನೇ ಕರೆಯುತ್ತಿದ್ದ. ಒಳಗೆ ಅವಳ ಎಷ್ಟು ಬೆರಳು ಹಿಡಿದನೋ ಅಷ್ಟು ಕೂಲಿ. ಬೆರಳಿಗೆ ಎರಡಾಣೆ ದಿನಗೂಲಿ. ಒಬ್ಬಳದು ಇನ್ನೊಬ್ಬಳಿಗೆ ತಿಳಿಯುತ್ತಿರಲಿಲ್ಲ. ಕೇರಿಯ ಹೆಂಗಸರಿಗೆ ಮೇಲಿಂದಲೇ ನೀರು ಹೊಯ್ಯುವ ಕೈ, ವಲ್ಲಿಯ ಕೆಳಗೆ ಮಾತ್ರ ಅವರ ಬೆರಳನ್ನು ಹಿಂಡುತ್ತಿತ್ತು.

ದೇವವ್ವನಿಗೆ ಸಿಗುತ್ತಿದ್ದುದು ಮೂರು ಬೆರಳು. ಆರಾಣೆಯ ಜೋಳ ಮನೆಯ ನಾಲ್ಕು ಹೊಟ್ಟೆಗೆ ಎಂದೂ ಸಾಕಾಗಿರಲಿಲ್ಲ.

ಹಿಂದಿನ ಸಂಜೆ ಕರೆವ್ವನೇ ಎಲ್ಲರಿಂದ ರೊಟ್ಟಿ ಮುಟ್ಟಿಸಿ ಆಣೆ ಮಾಡಿಸಿದ್ದಳು. "ಐದೂ ಬೆರಳು ಹಿಡೀಬೇಕು. ಆ ಭಾಡ್ಯಾ ನಾಕ ಹಿಡದ್ರ ಹೊಳ್ಳಿ ಬರ್ರಿ. ಒಬ್ಬಾಕಿನೂ ಸುಲಿಯಾಕ ಕುಂಡ್ರಬ್ಯಾಡ್ರಿ."

"ಬೆರಳು ಬಿಟ್ಟು ಬ್ಯಾರೆ ಏನರ ಹಿಡದ್ರ?" ಎಂದಿದ್ದಳು ಕಳಕವ್ವ.

"ಅದಕ್ಕ ಬ್ಯಾರೆ ರೇಟ ಐತಿ ಅನ್ನು."

ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ಈ ಸೋಮವಾರಕ್ಕೆ ಕನ್ನಡ ನಾಡು ಒಂದಾಗಿ ನಾಲ್ಕು ದಿನವಾಗಿತ್ತು. ಸಾಹುಕಾರ ಎಲ್ಲರ ಸೆರಗಿಗೂ ಮೇಲಿಂದ ಒಂದೊಂದು ಪೇಡೆ ಹಾಕಿಸಿದ. "ತಿನ್ರಿ. ಇನ್ನಮ್ಯಾಲೆ ನಾವು ನೀವು ಎಲ್ಲಾ ಒಂದ."

ಮೊದಲು ಕರೆವ್ವ ಹೋದಳು. ಬಂದವಳು ರಾಶಿಯ ಮುಂದೆ ಕುಳಿತು ಸುಲಿಯತೊಡಗಿದಳು. ಕಳಕವ್ವನೂ ಬಂದು ಕುಳಿತಳು. ಆಮೇಲೆ ಮುದುಕವ್ವ. ಎಲ್ಲರಿಗೂ ಐದು ಸಿಕ್ಕಿತು ಎಂದು ದೇವವ್ವನ ಎದೆ ಹಗುರಾಯಿತು. ಕೊನೆಗೆ ತಾನೂ ಹೋಗಿ ಕೈ ಚಾಚಿದಳು.

ಸಾಹುಕಾರ ಮೂರು ಬೆರಳು ಹಿಡಿದ.

"ಐದು, ಸಾಹುಕಾರ್ರ."

"ಎರಡನೇತ್ತೆ ಸಾಲಿ ಕಲತ ನಿನ್ನ ಬೆರಳು ಬಾಳ ಉದ್ದ ಬೆಳದಾವಲ್ಲಬೇ."

"ಎಲ್ಲಾರಿಗೂ ಐದ ಹಿಡದೀರೆಲ್ರಿ."

"ಯಾವ ರಂಡಿ ಹಂಗಂದ್ಲು?" ಅವನು ನಕ್ಕು, ಅದೇ ವಲ್ಲಿಯಿಂದ ಕೈ ಒರೆಸಿಕೊಂಡ. "ನಿಮ್ಮ ಚಿಗವ್ವ ಎಲ್ಲಾರಕಿಂತ ಮೊದಲ ಕಿವ್ಯಾಗ ಹೇಳಿದ್ಲು. ನನಗ ನಾಕ ಆದ್ರ ಸಾಕ್ರಿ, ಉಳದವ್ರಿಗೆ ತಿಳಿಸಬ್ಯಾಡ್ರಿ ಅಂತ. ಉಳದವ್ರೂ ಅಷ್ಟ, ಒಬ್ಬೊಬ್ಬಾಕಿದು ಒಂದೊಂದು. ಮೂರಕ್ಕ ಕುಂಡ್ರು, ಇಲ್ಲಾ ಮನಿಗೆ ನಡಿ."

ದೇವವ್ವ ಸೆರಗಿನಲ್ಲಿದ್ದ ಪೇಡೆಯನ್ನು ಅವನ ಗಾದಿಯ ಮೇಲಿಟ್ಟು ರಾಶಿಯ ಹತ್ತಿರ ಬಂದಳು. ಯಾರೂ ತಲೆ ಎತ್ತಲಿಲ್ಲ. ಕರೆವ್ವನ ಕೈ ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ನಾಲ್ಕು ಜನರ ನಡುವೆ ಎಂದೂ ದನಿ ಎತ್ತದ ಹುಡುಗಿ ದೇವವ್ವ, ಸಾಹುಕಾರನಿಗೂ ಕೇಳುವಂತೆ ಅಂದಳು:

"ಚಿಗವ್ವ, ನಿಂಗ ಎಷ್ಟ ಹಿಡದಾನ ಬಾಯಿಬಿಟ್ಟು ಹೇಳು. ಕಳಕಕ್ಕ, ನೀನೂ ಹೇಳು. ಎಲ್ಲಾರೂ ಹೇಳ್ರಿ."

ಶೇಂಗಾ ಒಡೆಯುವ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಒಬ್ಬಳು ಮತ್ತೆ ಸುಲಿಯತೊಡಗಿದಳು. ಉಳಿದವರೂ ಸುಲಿಯತೊಡಗಿದರು.